ಮರ್ಜಾನ್ ಹಡಗಿನ ಎರಡನೇ ಹೋಲ್ಡ್

ಮಧುಸೂದನ್ ಆ ಹಡಗು ಹತ್ತಿದ್ದು ಹೆಂಡತಿಯನ್ನು ನೋಡುವ ಆಸೆಯಿಂದ. ಬೇರೆ ಎರಡು ಕಡೆ ಕೆಲಸ ಸಿಗುವುದಿತ್ತು. ಎರಡೂ ಹೊಸ ಹಡಗುಗಳು. ಆದರೆ ಇದು ಕುವೈತಿನ ಶುಐಬಾ ಬಂದರಿಗೆ ಸಿಮೆಂಟ್ ಮಾಡಲು ಅರೆಯುವ ಸುಟ್ಟ ಉಂಡೆ, ಕ್ಲಿಂಕರ್, ಹೊರುವ ಹಡಗು. ಚಿನ್ಮಯಿ ಮೂರು ವರ್ಷದಿಂದ ಕುವೈತಿನ ಫರ್ವಾನಿಯಾದಲ್ಲಿದ್ದಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ. ಇಬ್ಬರ ರಜೆಗಳು ಒಂದಕ್ಕೊಂದು ತಾಳೆಯಾಗದೆ ಒಂದೂವರೆ ವರ್ಷ ಕಳೆದಿತ್ತು.

"ಸರಕು ಇಳಿಸೋಕೆ ಆರು ದಿನ ಬೇಕು. ದಡಕ್ಕಿಳಿಯೋ ಶೋರ್ ಪಾಸ್ ಸಿಕ್ಕಿದ್ರೆ ಮೂರು ದಿನ ನಿನ್ನ ರೂಮಲ್ಲೇ," ಎಂದು ಅವನು ಫೋನಿನಲ್ಲಿ ಹೇಳಿದ್ದ.

ಸರಕೇನೋ ಇಳಿಯಿತು. ಪಾಸು ಬರುವ ದಿನ ಹಡಗಿನ ಮೇಲೆ ಕೋರ್ಟಿನ ಆದೇಶ ಬಂತು. ಮಾಲೀಕ ಯಾರ್‍ಯಾರಿಗೋ ಬಾಕಿ ಉಳಿಸಿಕೊಂಡಿದ್ದ. ಹಡಗು ಎಲ್ಲಿಗೂ ಹೋಗುವಂತಿಲ್ಲ, ಬಂದರಿನ ಜಾಗವನ್ನೂ ಹಿಡಿದುಕೊಂಡಿರುವಂತಿಲ್ಲ. ಟಗ್ ದೋಣಿಗಳು ಅದನ್ನು ಮೂರು ಮೈಲಿ ಆಚೆಗೆ ಎಳೆದೊಯ್ದು ಲಂಗರು ಹಾಕಿಸಿದವು. ಎರಡು ವಾರದಲ್ಲಿ ಮಾಲೀಕನ ಫೋನು ಸತ್ತುಹೋಯಿತು. ಹಡಗಿಗೆ ಬಾವುಟ ಕೊಟ್ಟಿದ್ದ ದೇಶ ತನ್ನ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಿತು. ವೀಸಾ ಇಲ್ಲದವರು ನೆಲಕ್ಕೆ ಇಳಿಯುವಂತಿಲ್ಲ. ಕಾವಲಿಗೆ ಜನವಿಲ್ಲದೆ ಹಡಗನ್ನು ಬಿಡುವಂತೆಯೂ ಇಲ್ಲ. ಹದಿನೇಳು ಜನರಲ್ಲಿ ಹನ್ನೆರಡು ಜನರನ್ನು ಎರಡು ಕಂತಿನಲ್ಲಿ ಊರಿಗೆ ಕಳಿಸಿದರು. ಉಳಿದವರು ಐವರು: ಸೂಯೆಜ್ ಕಡೆಯ ವಯಸ್ಸಾದ ಕ್ಯಾಪ್ಟನ್, ಬಾಂಗ್ಲಾದ ಇಬ್ಬರು ಖಲಾಸಿಗಳು, ಉಳ್ಳಾಲದ ಅಡುಗೆಯ ಮಹಮ್ಮದ್ ಕುಂಞಿ, ಮತ್ತು ಚೀಫ್ ಇಂಜಿನಿಯರ್ ಮಧುಸೂದನ್. ಹಡಗು ಮುಳುಗದಂತೆ, ಹೊತ್ತಿಕೊಳ್ಳದಂತೆ ನೋಡಿಕೊಳ್ಳಲು ಕಾನೂನಿನ ಪ್ರಕಾರ ಇಷ್ಟು ಜನ ಸಾಕಾಗಿತ್ತು.

ಹೀಗೆ ಹದಿನಾಲ್ಕು ತಿಂಗಳು ಕಳೆಯಿತು.

ಡೆಕ್ಕಿನ ಮೇಲೆ ನಿಂತರೆ ಮೀನಾ ಅಲ್ ಅಹ್ಮದಿಯ ಎಣ್ಣೆ ಕಾರ್ಖಾನೆಯ ಚಿಮಣಿಗಳ ಬೆಂಕಿ ಕಾಣುತ್ತಿತ್ತು, ಅದರ ಬಲಕ್ಕೆ ಫಹಾಹೀಲಿನ ಕಟ್ಟಡಗಳು. ಶುಕ್ರವಾರ ಚಿನ್ಮಯಿ ಬಸ್ಸು ಹಿಡಿದು ಆ ಸಮುದ್ರದಂಡೆಗೆ ಬಂದು ಕೂರುತ್ತಿದ್ದಳು. "ಎಡಗಡೆಯಿಂದ ಮೂರನೇದು, ತುಕ್ಕು ಬಣ್ಣದ್ದು," ಎಂದು ಮಧು ಹೇಳುತ್ತಿದ್ದ. ಅವಳಿಗೆ ಕಾಣುತ್ತಿದ್ದುದು ಬೆಂಕಿಪೊಟ್ಟಣದಷ್ಟು. ಮೊದಮೊದಲು ಅವಳು ದುಪಟ್ಟಾ ಬೀಸುತ್ತಿದ್ದಳು. ಆಮೇಲೆ ಅದು ನಿಂತಿತು, ಬರೀ ಮಾತಾಡುತ್ತಿದ್ದರು. ಒಂದು ತಿಂಗಳು ಡ್ಯೂಟಿಯ ನೆಪ ಹೇಳಿ ಅವಳು ಬರಲೇ ಇಲ್ಲ. ಆ ತಿಂಗಳು ಇಬ್ಬರಿಗೂ ಒಂದು ರೀತಿಯಲ್ಲಿ ಹಗುರವೆನಿಸಿತು. ಅದನ್ನು ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಡೀಸೆಲ್ ಉಳಿಸಲು ಜನರೇಟರನ್ನು ದಿನಕ್ಕೆ ಎರಡು ತಾಸು ಮಾತ್ರ ಓಡಿಸುತ್ತಿದ್ದರು. ಆ ಎರಡು ತಾಸಿನಲ್ಲೇ ಫೋನುಗಳ ಚಾರ್ಜು, ಅಡುಗೆ, ಪಂಪು. ಕುಂಞಿಯ ಮಗಳು ಫಿದಾಳ ನಿಕಾಹ್ ಊರಿನಲ್ಲಿ ನಡೆದಾಗ ಅವನು ಫೋನಿನಲ್ಲೇ ನೋಡುತ್ತಿದ್ದ. ಮದುಮಗ ಒಳಗೆ ಬರುವ ಹೊತ್ತಿಗೆ ಚಾರ್ಜು ಮುಗಿಯಿತು. ಆ ದಿನದಿಂದ ಕುಂಞಿಯ ಮಾತು ಕಡಿಮೆಯಾಯಿತು.

ತಲೆ ಕೆಡಬಾರದೆಂದು ಮಧು ತುಕ್ಕು ಕೆರೆಯುವ ಕೆಲಸ ಹಿಡಿದಿದ್ದ. ಮುಂಭಾಗದಲ್ಲಿ ಹಗ್ಗದ ಹಲಗೆಯ ಮೇಲೆ ಕೂತು ಬಣ್ಣದ ಪದರಗಳನ್ನು ಒಂದೊಂದಾಗಿ ಕೆರೆಯುತ್ತಿದ್ದಾಗ ಉಕ್ಕಿನ ಮೇಲೆ ಉಬ್ಬಿದ ವೆಲ್ಡಿಂಗಿನ ಇಂಗ್ಲಿಷ್ ಅಕ್ಷರಗಳು ಕೈಗೆ ತಾಗಿದವು. ಹಡಗಿನ ಈಗಿನ ಹೆಸರಲ್ಲ, ಅದರ ಹಿಂದಿನದೂ ಅಲ್ಲ. ಅಲ್ ಮರ್ಜಾನ್. ಕೆಳಗೆ ಸಣ್ಣದಾಗಿ, ಕುವೈತ್. ಅವನು ಫೋಟೊ ತೆಗೆದು ಚಿನ್ಮಯಿಗೆ ಕಳಿಸಿದ. ಅವಳು ಅದನ್ನು ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿ, ಈ ಹಡಗಿನ ಬಗ್ಗೆ ಯಾರಿಗಾದರೂ ಗೊತ್ತೇ ಎಂದು ಕೇಳಿದಳು.

ಮೂರನೇ ದಿನ ಮಧುವಿಗೆ ಒಂದು ಕರೆ ಬಂತು.

"ನಾನು ಪಾಯಸ್ ಮಾತಾಡುದು, ವಫ್ರಾದಿಂದ. ಇಲ್ಲಿ ತೋಟದಲ್ಲಿ ಪಂಪು ರಿಪೇರಿ ಮಾಡಿಕೊಂಡಿದ್ದೇನೆ. ಆ ಅಕ್ಷರ ಬರೆದದ್ದು ನಾನು ಮಾರಾಯ್ರೆ."

"ಬರೆದಿದ್ದು ಅಂದ್ರೆ?"

"ವೆಲ್ಡಿಂಗ್ ಮಾಡಿದ್ದು. ಜೆ ಅಕ್ಷರ ಸ್ವಲ್ಪ ಓರೆ ಉಂಟಲ್ಲ? ಅವತ್ತು ಮಳೆ ಬರ್ತಾ ಇತ್ತು. ಮಳೆ ನಿಲ್ಲುವವರೆಗೆ ಕಾಯ್ಲಿಕ್ಕೆ ಬಿಡ್ಲಿಲ್ಲ."

ಮಧು ಹಲಗೆಯಿಂದ ಬಗ್ಗಿ ನೋಡಿದ. ಜೆ ಓರೆಯಾಗಿಯೇ ಇತ್ತು.

ಅಲ್ಲಿಂದ ಪ್ರತಿ ಭಾನುವಾರ ಪಾಯಸ್ ಫೋನು ಮಾಡತೊಡಗಿದರು. ಅವರಿಗೆ ಅರವತ್ಮೂರು ವರ್ಷ. ಮಂಗಳೂರಿನ ಜೆಪ್ಪುವಿನವರು. ಹೆಂಡತಿ ಇನೆಜ್ ತೀರಿಕೊಂಡ ಮೇಲೂ ಊರಿಗೆ ಮರಳದೆ ಕುವೈತಿನಲ್ಲೇ ಉಳಿದಿದ್ದರು. ಅವರು ಬಿಡಿಬಿಡಿಯಾಗಿ ಹೇಳಿದ್ದನ್ನು ಜೋಡಿಸಿಕೊಂಡಾಗ ಮಧುವಿಗೆ ತಾನು ಸಿಕ್ಕಿಕೊಂಡಿರುವ ಹಡಗಿನ ಕಥೆ ತಿಳಿಯಿತು.

ಸಾವಿರದ ಒಂಬೈನೂರ ಎಂಬತ್ತೈದು. ಇರಾನ್–ಇರಾಕ್ ಯುದ್ಧ ನಡೆಯುತ್ತಿತ್ತು. ಕೊಲ್ಲಿಯೊಳಗೆ ಸರಕು ತರುವ ಹಡಗುಗಳಿಗೆ ಹೊಡೆತ ಬೀಳುತ್ತಿತ್ತು. ಕುವೈತಿನ ಸಣ್ಣ ಕಂಪನಿಯೊಂದು ಕೊರಿಯಾದ ಶಿಪ್‌ಯಾರ್ಡೊಂದರಲ್ಲಿ ಒಂದೇ ನಮೂನೆಯ ಮೂರು ಹಡಗು ಕಟ್ಟಿಸಲು ಕೊಟ್ಟಿತು. ಕೆಲಸ ನೋಡಿಕೊಳ್ಳಲು ಕಂಪನಿ ಕಳಿಸಿದ ತಂಡದಲ್ಲಿ ಇಪ್ಪತ್ಮೂರು ವರ್ಷದ ವೆಲ್ಡರ್ ಪಾಯಸ್ ಇದ್ದರು.

"ಯುದ್ಧದ ಹಡಗು ಅಂದ್ರೆ ಫಿರಂಗಿ ಇರುದಲ್ಲ," ಎಂದರು ಪಾಯಸ್. "ಅಕ್ಕಿ, ಸಿಮೆಂಟು, ಔಷಧಿ. ಟಾರ್ಪಾಲು ಮುಚ್ಚಿದ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ನಾವು ಕೇಳುದಿಲ್ಲ. ಹೊಡೆತ ತಿಂದ್ರೂ ತೇಲ್ಬೇಕು, ಅಷ್ಟೇ. ಎಂಟೇ ತಿಂಗಳಲ್ಲಿ ಕಟ್ಟಿದ್ದು. ಎರಡು ಪಾಳಿ ಕೆಲಸ. ಒಂದು ಕಡೆ ವೆಲ್ಡಿಂಗ್ ಬಿಸಿ ಆರ್ಲಿಲ್ಲ, ಇನ್ನೊಂದು ಕಡೆ ಬಣ್ಣ ಹೊಡಿತಾ ಇದ್ರು."

ಹಡಗು ನೀರಿಗಿಳಿದ ಮೇಲೆ ಪಾಯಸ್ ಅದರಲ್ಲೇ ಫಿಟ್ಟರ್ ಆದರು. ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದು, ದೀಪ ಆರಿಸಿ, ದಡಕ್ಕೆ ಅಂಟಿಕೊಂಡು ಎರಡು ವರ್ಷ ಓಡಾಡಿದರು. ಎಂಬತ್ತೇಳರ ಚಳಿಗಾಲದಲ್ಲಿ ತೇಲುವ ಸಿಡಿಗುಂಡೊಂದು ಎರಡನೇ ಹೋಲ್ಡಿಗೆ, ಎಂದರೆ ಹಿಂಭಾಗದಲ್ಲಿ ಸರಕು ತುಂಬುವ ಹೊಂಡಕ್ಕೆ, ಹೊರಗಿನಿಂದ ತಗುಲಿ ತೂತು ಮಾಡಿತು. ಹಡಗು ಮುಳುಗಲಿಲ್ಲ. ದುರಸ್ತಿಯವರು ಆ ತೂತಿನ ಮೇಲೆ ಇನ್ನೊಂದು ಉಕ್ಕಿನ ತಗಡು ಹಾಕಿ ಬೆಸೆದರು. ಯುದ್ಧ ಮುಗಿದು, ಕಂಪನಿ ಮುಚ್ಚಿ, ಹಡಗು ಕೈಯಿಂದ ಕೈಗೆ ಹೋಗಿ ನಾಲ್ಕು ಹೆಸರು ಪಡೆದರೂ ಆ ತೇಪೆ ಮಾತ್ರ ಹಾಗೇ ಇತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಆ ತೇಪೆಯ ಅಂಚು ಬಿಟ್ಟಿತು.

ದಿನಾ ಬೆಳಿಗ್ಗೆ ಆರಕ್ಕೆ ಮಧು ಎರಡೂ ಹೋಲ್ಡುಗಳ ಅಳತೆ ಕೊಳವೆಗೆ ಸರಳು ಇಳಿಸಿ ನೋಡುತ್ತಿದ್ದ. ಮೊದಲನೆಯದು ಒಣಗಿತ್ತು. ಎರಡನೆಯದರಲ್ಲಿ ಸರಳು ಒಂದೂವರೆ ಅಡಿ ಒದ್ದೆಯಾಗಿ ಬಂತು. ಅವನು ಸರಳನ್ನು ಒರೆಸಿ ಮತ್ತೆ ಇಳಿಸಿದ. ಏಳಕ್ಕೆ ನೋಡಿದಾಗ ಎರಡು ಅಡಿ ದಾಟಿತ್ತು.

ಜನರೇಟರ್ ಹಚ್ಚಿ ಪಂಪು ಓಡಿಸಿದ. ಪಂಪು ಗಾಳಿ ನುಂಗುತ್ತ ಕೂಗಿತು, ನೀರು ಬರಲಿಲ್ಲ. ಅವನು ಟಾರ್ಚು ಹಿಡಿದು ಹೋಲ್ಡಿಗೆ ಇಳಿದ. ತೊಡೆಯವರೆಗಿನ ನೀರಿನಲ್ಲಿ ಮೂಲೆಗೆ ಹೋಗಿ, ಪಂಪು ನೀರು ಹೀರುವ ಗುಂಡಿಯೊಳಗೆ ಕೈ ಹಾಕಿದ. ಹಳೆಯ ಸರಕಿನ ಪುಡಿಯೆಲ್ಲ ಅಲ್ಲಿ ಸೇರಿ, ನೀರು ಕುಡಿದು, ಸಿಮೆಂಟಾಗಿ ಗಟ್ಟಿಕಟ್ಟಿತ್ತು. ಕಬ್ಬಿಣದ ಹಾರೆಯಿಂದ ಹೊಡೆದರೂ ಅಲ್ಲಾಡಲಿಲ್ಲ. ಬಲಗೋಡೆಯಲ್ಲಿ ಎಲ್ಲಿಂದಲೋ ನೀರು ನುಗ್ಗುವ ಸದ್ದು ಕೇಳುತ್ತಿತ್ತು. ಹಿಂದಿನ ಉಕ್ಕಿನ ಗೋಡೆಯ ಆಚೆ ಇಂಜಿನ್ ಕೋಣೆ. ಆ ಗೋಡೆ ತುಕ್ಕು ಹಿಡಿದು ಎಷ್ಟು ತೆಳುವಾಗಿದೆಯೆಂದು ಅವನಿಗೆ ಗೊತ್ತಿತ್ತು. ನೀರಿನ ಒತ್ತಡಕ್ಕೆ ಅದು ಹರಿದರೆ ಅಲ್ಲಿಗೆ ಹಡಗು ಮುಗಿಯಿತು.

ಮೇಲೆ ಬಂದಾಗ ದೂಳುಗಾಳಿ ಎದ್ದು ದಡ ಕಾಣಿಸುತ್ತಿರಲಿಲ್ಲ. ಕ್ಯಾಪ್ಟನ್ ರೇಡಿಯೋದಲ್ಲಿ ಬಂದರಿನವರನ್ನು ಕರೆದಿದ್ದ. ಗಾಳಿಗೆ ಲಂಗರು ಕಿತ್ತ ಬೇರೆ ಹಡಗುಗಳ ಹಿಂದೆ ಟಗ್ ದೋಣಿಗಳು ಹೋಗಿವೆ, ಸಂಜೆಯೊಳಗೆ ಬರುತ್ತೇವೆ ಎಂಬ ಉತ್ತರ ಬಂದಿತ್ತು. ಮುದುಕ ಆಗಲೇ ಲೈಫ್‌ಜಾಕೆಟ್ ತೊಟ್ಟು ಕೂತಿದ್ದ.

"ನೀನು ಹೇಳು ಚೀಫ್," ಎಂದ, ತನ್ನ ಮುರುಕು ಇಂಗ್ಲಿಷಿನಲ್ಲಿ. "ಬಿಟ್ಟು ಹೋಗೋಣ ಅಂದರೆ ಬಿಡೋಣ. ಸಹಿ ನಾನು ಹಾಕುತ್ತೇನೆ."

ಅಡುಗೆಮನೆಯ ಮೆಟ್ಟಿಲ ಮೇಲೆ ಕುಂಞಿ ಕೂತಿದ್ದ. ಮಧು ಬಂದು ಪಕ್ಕದಲ್ಲಿ ಕೂತ. ಅವನ ಪ್ಯಾಂಟಿನಿಂದ ನೀರು ಇಳಿಯುತ್ತಿತ್ತು.

"ಸಾರ್, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದ ಕುಂಞಿ. "ಪಂಪು ಬಿಡಿ. ಅದರಷ್ಟಕ್ಕೆ ಅದು ಹೋಗ್ಲಿ. ದೋಣಿ ಉಂಟು, ಜಾಕೆಟ್ ಉಂಟು. ಮುಳುಗುವ ಹಡಗಿನವರನ್ನು ಯಾರೂ ನೀರಲ್ಲಿ ಬಿಡುದಿಲ್ಲ. ದಡಕ್ಕೆ ಹಾಕ್ಲೇಬೇಕು."

"ಟ್ಯಾಂಕಲ್ಲಿ ದೊಡ್ಡ ಇಂಜಿನ್ನಿಂದು ಅರವತ್ತು ಟನ್ ಕಪ್ಪು ಎಣ್ಣೆ ಇದೆ ಕುಂಞಿ."

"ನಮ್ಮದಾ ಎಣ್ಣೆ?"

"ಮುಳುಗಿದ್ರೆ ಆ ಎಣ್ಣೆ ದಡಕ್ಕೆ ಹೋಗುತ್ತೆ. ಇಲ್ಲಿ ಕುಡಿಯೋ ನೀರೆಲ್ಲ ಈ ಸಮುದ್ರದ್ದೇ. ಸಿಹಿ ಮಾಡೋ ಸ್ಥಾವರ ಅಲ್ಲೇ ಇದೆ, ನಿಲ್ಲಿಸ್ಬೇಕಾಗುತ್ತೆ. ಬೇಕು ಅಂತ ಮುಳುಗಿಸಿದ್ರು ಅಂತ ಗೊತ್ತಾದ್ರೆ ನಮ್ಮನ್ನ ಜೈಲಿಗೆ ಹಾಕ್ತಾರೆ."

"ಜೈಲಲ್ಲಿ ನೆಲ ಅಲ್ಲಾಡುದಿಲ್ಲ ಸಾರ್." ಕುಂಞಿ ಅವನ ಮುಖ ನೋಡದೆ ಹೇಳಿದ. "ಜೈಲಾದ್ರೆ ನಿಮ್ಮ ಹೆಂಡತಿ ನೋಡ್ಲಿಕ್ಕಾದ್ರೂ ಬರ್ಬಹುದು."

ಆ ಮಾತು ಮಧುವಿನೊಳಗೆ ಎಷ್ಟು ಸಲೀಸಾಗಿ ಇಳಿಯಿತೆಂದರೆ ಅವನಿಗೆ ಹೆದರಿಕೆಯಾಯಿತು. ಜೈಲಿನ ಭೇಟಿಯ ಕೋಣೆಯಲ್ಲಿ ಗಾಜಿನ ಆಚೆ ಚಿನ್ಮಯಿ ಕೂತಿರುವುದನ್ನು ಅವನು ಆಗಲೇ ಕಂಡುಬಿಟ್ಟಿದ್ದ, ಅವಳ ಆಸ್ಪತ್ರೆಯ ಬಿಳಿ ಕೋಟಿನ ಸಮೇತ. ಅವಳಿಗೆ ಫೋನು ಮಾಡಲು ಹೋಗಿ ಬಿಟ್ಟ. ಅವಳು ಏನು ಹೇಳಿಬಿಡುತ್ತಾಳೋ ಎಂದು ಅವನಿಗೆ ಭಯ. ಕೊನೆಗೆ ಪಾಯಸ್‌ಗೆ ಮಾಡಿದ.

ಪಾಯಸ್ ಎಲ್ಲವನ್ನೂ ಕೇಳಿಸಿಕೊಂಡರು.

"ಬಲಗಡೆಯಾ ನೀರು ಬರುದು?"

"ಬಲಗಡೆಯೇ."

"ಹಾಗಾದ್ರೆ ಅದೇ ತೇಪೆ. ಈಗ ಕೇಳಿ. ಮುಳುಗಬೇಕಾದ್ರೆ ನೀವು ಎಂತದ್ದೂ ಮಾಡುದು ಬೇಡ. ಜನರೇಟರ್ ಆಫ್ ಮಾಡಿ ಚಾ ಕುಡಿಯಿರಿ. ಮಧ್ಯಾಹ್ನಕ್ಕೆ ಆ ಗೋಡೆ ಹೋಗ್ತದೆ. ಉಳಿಸ್ಬೇಕಾದ್ರೆ ಅದಕ್ಕೂ ದಾರಿ ಉಂಟು. ಯಾವುದು ಬೇಕು ಹೇಳಿ."

"ನೀವಾಗಿದ್ರೆ ಏನು ಮಾಡ್ತಿದ್ರಿ ಅಂಕಲ್?"

ಆ ಕಡೆಯಿಂದ ತೋಟದ ಪಂಪಿನ ಸದ್ದು ಕೇಳುತ್ತಿತ್ತು.

"ಅದು ನನ್ನತ್ರ ಕೇಳ್ಬೇಡಿ. ನಾನು ದಡದಲ್ಲಿ ಇದ್ದೇನೆ."

ಮಧು ಡೆಕ್ಕಿನ ಕಡೆ ನೋಡಿದ. ಬಾಂಗ್ಲಾದ ಇಬ್ಬರೂ ಯಾರೂ ಹೇಳದೆಯೇ ಬಕೆಟ್ಟಿಗೆ ಹಗ್ಗ ಕಟ್ಟಿ ಹೋಲ್ಡಿನಿಂದ ನೀರು ಸೇದುತ್ತಿದ್ದರು. ಬಾವಿಯಿಂದ ಸೇದಿದಂತೆ, ಒಬ್ಬರಾದ ಮೇಲೆ ಒಬ್ಬರು. ಅದರಿಂದ ಏನೂ ಆಗುವಂತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

"ಉಳಿಸೋ ದಾರಿ ಹೇಳಿ," ಎಂದ ಮಧು.

ಪಾಯಸ್ ಹೇಳಿದರು. ಕಟ್ಟುವಾಗ ಕಂಪನಿಯ ಹಿರಿಯ ಇಂಜಿನಿಯರ್ ಹಟ ಹಿಡಿದು ನಕ್ಷೆಯಲ್ಲಿಲ್ಲದ ಇನ್ನೊಂದು ಕೊಳವೆಯನ್ನು ಹೋಲ್ಡಿನ ಬೇರೆ ಮೂಲೆಗೆ ಹಾಕಿಸಿದ್ದ. ಹೊಡೆತ ಬಿದ್ದಾಗ ಯಾರೂ ಹೋಲ್ಡಿಗೆ ಇಳಿಯದೆ ನೀರು ತೆಗೆಯಲಿಕ್ಕಾಗಬೇಕೆಂದು ಅದರ ವಾಲ್ವಿನ ದಂಡವನ್ನು ಡೆಕ್ಕಿನವರೆಗೆ ತಂದು ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿದ್ದರು.

"ಅಂಥ ಪೆಟ್ಟಿಗೆ ಇಲ್ಲಿಲ್ಲ ಅಂಕಲ್. ಹದಿನಾಲ್ಕು ತಿಂಗಳಲ್ಲಿ ಈ ಡೆಕ್ಕು ಇಂಚಿಂಚೂ ನೋಡಿದೀನಿ."

"ಮೇಲೆ ತಗಡು ಹೊಡೆದಿರ್ತಾರೆ. ಬಲಗಡೆ ಅಂಚುಗೋಡೆಗೆ ಒಳಗಿನಿಂದ ಆಸರೆ ಕಂಬಿಗಳು ಉಂಟಲ್ಲ? ಹಿಂದಿನಿಂದ ಹನ್ನೊಂದು ಎಣಿಸಿ. ಹನ್ನೊಂದನೆಯದರ ಬುಡದಲ್ಲಿ ಬಡಿದು ನೋಡಿ."

ಅಲ್ಲಿ ಹಳೆಯ ಹಗ್ಗದ ರಾಶಿಯಿತ್ತು. ಮಧು ಒಬ್ಬನೇ ಅದನ್ನು ಎಳೆಯತೊಡಗಿದ. ಉಕ್ಕು ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾದಿತ್ತು. ಸ್ವಲ್ಪ ಹೊತ್ತಿನಲ್ಲಿ ಹಗ್ಗದ ಇನ್ನೊಂದು ತುದಿ ಹಗುರವಾಯಿತು. ನೋಡಿದರೆ ಕುಂಞಿ.

"ನಾನು ಹೇಳುದನ್ನು ಹೇಳಿದೆ," ಎಂದ ಕುಂಞಿ. "ನೀವು ಒಬ್ಬರೇ ಎಳೆಯುದನ್ನು ನೋಡ್ಲಿಕ್ಕೆ ಆಗುದಿಲ್ಲ."

ಸುತ್ತಿಗೆಯಿಂದ ಬಡಿದಾಗ ಹನ್ನೊಂದನೇ ಕಂಬಿಯ ಬುಡದ ಸದ್ದು ಪೊಳ್ಳಾಗಿತ್ತು. ಗ್ರೈಂಡರ್ ಹಿಡಿದು ತಗಡು ಕತ್ತರಿಸಿದರು. ಒಳಗೆ ತುಕ್ಕಿನ ಮುದ್ದೆ, ಅದರ ನಡುವೆ ವಾಲ್ವಿನ ಚಕ್ರ. ಚಕ್ರ ತಿರುಗಲಿಲ್ಲ. ಡೀಸೆಲ್ ಸುರಿದರು, ಕುಂಞಿ ಅಡುಗೆಯ ಎಣ್ಣೆಯನ್ನೂ ತಂದು ಸುರಿದ. ಚಕ್ರಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಕ್ಯಾಪ್ಟನ್‌ನನ್ನೂ ಸೇರಿಸಿ ಐವರೂ ತೂಗಿದರು. ಎರಡು ಸಲ ಪೈಪು ಜಾರಿತು. ಮೂರನೇ ಸಲ ಕಿರ್ ಎಂದು ಒಂದು ಕಾಲು ಸುತ್ತು ತಿರುಗಿತು. ಅಷ್ಟು ಬಂದ ಮೇಲೆ ಉಳಿದದ್ದೂ ನಿಧಾನವಾಗಿ ಬಂತು.

ಮಧು ಕೆಳಗೆ ಓಡಿ, ಪಾಯಸ್ ಹೇಳಿದ್ದಂತೆ ಪಂಪನ್ನು ಆ ಕೊಳವೆಗೆ ತಿರುಗಿಸಿದ. ಪಂಪು ಕೆಮ್ಮಿತು, ಕಂದು ನೀರು ಉಗುಳಿತು, ಆಮೇಲೆ ಒಂದೇ ಸಮನೆ ಎಳೆಯತೊಡಗಿತು. ಹೊರಗೆ ಹಡಗಿನ ಮಗ್ಗುಲಿನಿಂದ ನೀರು ಸಮುದ್ರಕ್ಕೆ ಬೀಳುವುದನ್ನು ಖಲಾಸಿಗಳು ಬಗ್ಗಿ ನೋಡಿದರು. ಮಧ್ಯಾಹ್ನ ಮೂರಕ್ಕೆ ನೀರು ಮೊಣಕಾಲಿಗೆ ಇಳಿದಿತ್ತು. ತೇಪೆ ಬಿಟ್ಟ ಜಾಗಕ್ಕೆ ಹಾಸಿಗೆ ತುರುಕಿ, ಮರದ ದಿಮ್ಮಿಗಳ ಆಸರೆ ಕೊಟ್ಟರು. ಟಗ್ ದೋಣಿ ಬಂದಾಗ ಐವರೂ ಡೆಕ್ಕಿನ ನೆರಳಿನಲ್ಲಿ ಬೆನ್ನು ಚೆಲ್ಲಿ ಮಲಗಿದ್ದರು.

ಇನ್ನು ಈ ಹಡಗನ್ನು ಹೊರಗಿಡುವುದು ಅಪಾಯವೆಂದು ಪರೀಕ್ಷೆಗೆ ಬಂದ ಅಧಿಕಾರಿ ಬರೆದ. ಹಡಗನ್ನು ಶುಐಬಾ ಬಂದರಿನೊಳಗೆ ತಂದು ಕಟ್ಟೆಗೆ ಕಟ್ಟಿದರು. ಕೋರ್ಟು ಹಡಗಿನ ಹರಾಜಿಗೂ ನಾವಿಕರನ್ನು ಊರಿಗೆ ಕಳಿಸಲಿಕ್ಕೂ ಅಪ್ಪಣೆ ಕೊಟ್ಟಿತು. ಆದರೆ ಹರಾಜು ಮುಗಿಯುವವರೆಗೆ ಅದರ ಪಂಪು, ವಾಲ್ವು ತಿಳಿದ ಒಬ್ಬ ಹಡಗಿನಲ್ಲಿರಬೇಕು ಎಂಬ ಷರತ್ತಿತ್ತು. ಅಂಥವನು ಒಬ್ಬನೇ ಇದ್ದ.

ಕುಂಞಿ ಹೊರಡುವ ದಿನ ಮಧುವಿನ ಎರಡೂ ಕೈ ಹಿಡಿದುಕೊಂಡು, "ನಾನು ಅವತ್ತೇ ಹೇಳಿದ್ದೆ ಸಾರ್," ಎಂದ. ಆಮೇಲೆ ಕೈ ಬಿಟ್ಟು ಹಡಗಿನ ಏಣಿ ಇಳಿದು ಹೋದ.

ಚಿನ್ಮಯಿ ಫೋನಿನಲ್ಲಿ ಅತ್ತಳು. ಹದಿನಾಲ್ಕು ತಿಂಗಳಲ್ಲಿ ಅವಳು ಅತ್ತದ್ದನ್ನು ಅವನು ಕೇಳಿರಲಿಲ್ಲ.

"ಮುಳುಗಿಸ್ಬಹುದಿತ್ತಲ್ಲ ಮಧು. ಸುಮ್ನಿದ್ದಿದ್ರೆ ಸಾಕಿತ್ತು."

"ಹೌದು."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಮುಳುಗಿಸು ಅಂತಿದ್ದೆ. ನಾನು ಮುಳುಗಿಸ್ತಿದ್ದೆ."

ಅವಳು ಫೋನಿಟ್ಟಳು. ನಾಲ್ಕು ದಿನ ಮಾತಾಡಲಿಲ್ಲ. ಈಗ ಅವನ ಮುಂದೆಯೇ ನೆಲವಿತ್ತು, ನಾಲ್ಕು ಮೀಟರ್ ಏಣಿ ಇಳಿದರೆ ಸಿಮೆಂಟಿನ ಕಟ್ಟೆ. ಏಣಿಯ ಬುಡದಲ್ಲಿ ಕಾವಲುಗಾರನೊಬ್ಬ ಕುರ್ಚಿ ಹಾಕಿ ಕೂತಿರುತ್ತಿದ್ದ. ವೀಸಾ ಇಲ್ಲದೆ ಮಧು ಇಳಿಯುವಂತಿಲ್ಲ, ಚಿನ್ಮಯಿ ಬಂದರಿನೊಳಗೆ ಬರುವಂತಿಲ್ಲ. ಸಮುದ್ರದ ನಡುವೆ ಇದ್ದಾಗ ಆಗದಷ್ಟು ಸಂಕಟ ಮಧುವಿಗೆ ಆ ಕಟ್ಟೆಯನ್ನು ನೋಡುವಾಗ ಆಗುತ್ತಿತ್ತು. ಹಗಲೆಲ್ಲ ಅವನು ಇಂಜಿನ್ ಕೋಣೆಯಲ್ಲೇ ಇರತೊಡಗಿದ.

ದಾರಿ ಹುಡುಕಿದವರು ಪಾಯಸ್. ಅವರಿಗೆ ಇಕಾಮಾ, ಎಂದರೆ ಕುವೈತಿನಲ್ಲಿ ವಾಸಿಸುವ ಪರವಾನಗಿ, ಇತ್ತು, ಹಡಗು ಗೊತ್ತಿತ್ತು. ವಫ್ರಾದ ತೋಟದ ಒಡೆಯನೇ ಅವರ ಕಫೀಲ್, ಅವರ ವೀಸಾಕ್ಕೆ ಜವಾಬ್ದಾರ. ಆ ಮುದುಕ ನಕ್ಕು, ಈ ವಯಸ್ಸಿನಲ್ಲಿ ಹಡಗು ಯಾಕೋ ಎಂದು ಕೇಳಿ ಕಾಗದಕ್ಕೆ ಸಹಿ ಹಾಕಿದನಂತೆ. ಚಿನ್ಮಯಿ ಡ್ಯೂಟಿ ಮುಗಿಸಿ ನಾವಿಕರ ಪರ ವಾದಿಸುವ ವಕೀಲೆಯ ಆಫೀಸಿಗೆ ಅಲೆದಳು. ಏಳು ವಾರ ಹಿಡಿಯಿತು. ಕೊನೆಗೆ ಇಂಜಿನಿಯರನ ಬದಲು ಪಾಯಸ್ ಹಡಗು ನೋಡಿಕೊಳ್ಳಬಹುದೆಂದು ಕೋರ್ಟು ಒಪ್ಪಿತು.

ಪಾಯಸ್ ಒಂದು ಕೈಚೀಲ ಹಿಡಿದು ಹಡಗು ಹತ್ತಿದರು. ಕುಳ್ಳಗೆ, ತೆಳ್ಳಗೆ, ಬಿಸಿಲಿಗೆ ಸುಟ್ಟ ಮುಖ. ಮಾತಿಗಿಂತ ಮೊದಲು ಅಂಚುಗೋಡೆಯ ಮೇಲೆ ಕೈಯಾಡಿಸಿ, ನೇರವಾಗಿ ಹನ್ನೊಂದನೇ ಕಂಬಿಯ ಹತ್ತಿರ ಹೋಗಿ ಆ ವಾಲ್ವಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯಾಕೆ ಒಪ್ಕೊಂಡ್ರಿ ಅಂಕಲ್?" ಎಂದು ಮಧು ಕೇಳಿದ. "ನಿಮಗಾದ್ರೆ ಪಾಸು ಕೊಟ್ಟು ಹೊರಗೆ ಬಿಡ್ತಾರೆ ನಿಜ. ಆದ್ರೂ ಇದು ಇರೋ ಜಾಗ ಅಲ್ಲ."

ಪಾಯಸ್ ಚಕ್ರವನ್ನು ಸ್ವಲ್ಪ ತಿರುಗಿಸಿ ನೋಡಿದರು.

"ಎಂಬತ್ತೇಳರಲ್ಲಿ ಇದನ್ನು ತಿರುಗಿಸಿದ್ದು ನಾನಲ್ಲ. ಕ್ಯಾಪ್ಟನ್ ಹಡಗು ಬಿಡಿ ಅಂದ ಕೂಡ್ಲೇ ನಾನು ದೋಣಿಗೆ ಇಳಿದೆ. ಇದು ನನ್ನ ಡ್ಯೂಟಿ ಆಗಿತ್ತು. ರೋಕ್ ಅಂತ ಒಬ್ಬ ಇದ್ದ, ನನ್ನದೇ ಊರು, ಎಣ್ಣೆ ಹಾಕುವ ಕೆಲಸದವ. ಅವ ಒಬ್ಬನೇ ಹಿಂದೆ ಉಳಿದು ಇದನ್ನು ತಿರುಗಿಸಿದ. ನಾವು ದೋಣಿಯಲ್ಲಿ ಕೂತು ಕಾದೆವು. ಹಡಗು ಮುಳುಗ್ಲಿಲ್ಲ, ವಾಪಸ್ ಹತ್ತಿದೆವು."

"ಅವರು ಈಗ?"

"ಗೊತ್ತಿಲ್ಲ. ಅವತ್ತಿನಿಂದ ಅವ ನನ್ನತ್ರ ಮಾತಾಡ್ಲಿಲ್ಲ. ಬೈಯ್ಲೂ ಇಲ್ಲ." ಪಾಯಸ್ ಎದ್ದರು. "ಕೀಲಿಕೈ ಕೊಡಿ. ನಿಮ್ಮ ಗಾಡಿ ಬಂದಿದೆ."

ನಾವಿಕರನ್ನು ಊರಿಗೆ ಕಳಿಸುವ ಏಜೆಂಟನ ವ್ಯಾನು ಬಂದರಿನಿಂದ ನೇರ ವಿಮಾನ ನಿಲ್ದಾಣಕ್ಕೆ. ನಡುವೆ ಎಲ್ಲೂ ನಿಲ್ಲಿಸುವಂತಿಲ್ಲ, ಜೊತೆಗೆ ಒಬ್ಬ ಪೊಲೀಸ್. ಫರ್ವಾನಿಯಾದ ಬದಿಯಲ್ಲೇ ವ್ಯಾನು ಹಾದುಹೋಯಿತು. ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ, ಕೆಳಗೆ ತರಕಾರಿ ಅಂಗಡಿಗಳು. ಯಾವ ಕಟ್ಟಡ ಅವಳದೆಂದು ಅವನಿಗೆ ಗೊತ್ತಿರಲಿಲ್ಲ.

ನಿರ್ಗಮನದ ಬಾಗಿಲಲ್ಲಿ ಚಿನ್ಮಯಿ ನಿಂತಿದ್ದಳು. ತೆಳ್ಳಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು. ಮಧುವಿಗೆ ಥಟ್ಟನೆ ಗುರುತೇ ಹತ್ತಲಿಲ್ಲ. ಏಜೆಂಟ್ ಗಡಿಯಾರ ನೋಡಿ, "ಹತ್ತು ನಿಮಿಷ," ಎಂದ. ಪೊಲೀಸಿನವನು ನಾಲ್ಕು ಹೆಜ್ಜೆ ಆಚೆ ಹೋಗಿ ಫೋನು ತೆಗೆದ.

ಹತ್ತಿರ ಬಂದರೂ ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅವಳೇ ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು.

"ಕಾಂಟ್ರಾಕ್ಟು ಮುಗಿಯೋಕೆ ಇನ್ನೂ ಎಂಟು ತಿಂಗಳಿದೆ ನಂಗೆ," ಎಂದಳು. "ಡಿಸೆಂಬರಲ್ಲಿ ರಜ ಕೇಳ್ತೀನಿ."

"ಕೇಳು."

"ಆಮೇಲೆ? ಮತ್ತೆ ಹಡಗಿಗೆ ಹೋಗ್ತೀಯಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೋಗ್ತೀಯ ಅಂತ."

ಅವನು ಇಲ್ಲವೆನ್ನಲಿಲ್ಲ. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ದಣಿದಿದ್ದಳು. ತೋಳು ಹಿಡಿದ ಕೈಯನ್ನು ಬಿಡಲೂ ಇಲ್ಲ. ಹತ್ತು ನಿಮಿಷ ಮುಗಿದಾಗ ಏಜೆಂಟ್ "ಯಲ್ಲಾ, ಹೊರಡಿ" ಎಂದ. ಪೊಲೀಸಿನವನು ಫೋನಿನಿಂದ ತಲೆ ಎತ್ತಿ ಇಬ್ಬರನ್ನೂ ನೋಡಿ, ಏಜೆಂಟನಿಗೆ ಅರಬ್ಬಿಯಲ್ಲಿ ಏನೋ ಹೇಳಿ ಮತ್ತೆ ತಲೆ ತಗ್ಗಿಸಿದ. ಏಜೆಂಟ್ ಸುಮ್ಮನಾದ. ಇನ್ನೊಂದು ಐದು ನಿಮಿಷ ಯಾರೂ ಅವರನ್ನು ಕರೆಯಲಿಲ್ಲ.